ಸಕ್ಯುಲೆಂಟ್ ಪ್ರಶ್ನೋತ್ತರ: ಅರ್ಧ ಲೋಟ ನೀರು ಎಲ್ಲಿಗೆ ಹೋಯಿತು?

ಎಲ್ಲರಿಗೂ ನಮಸ್ಕಾರ. ಸಕ್ಯುಲೆಂಟ್, ಅಂದರೆ ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಬೆಳೆಸಿ ಮಾರುವುದೇ ನನ್ನ ಕೆಲಸ. ಗುಂಪಿನ ಅಡ್ಮಿನ್ ಹೇಳಿದ್ದರಿಂದ ಇವತ್ತು ನಿಮ್ಮ ಪ್ರಶ್ನೆಗಳಿಗೆ ಅಂತ ಕೂತಿದ್ದೇನೆ. ಒಂದೇ ಕೋರಿಕೆ. ಗಿಡ ಯಾವುದು, ಎಲ್ಲಿಟ್ಟಿದ್ದೀರಿ, ಕುಂಡಕ್ಕೆ ತೂತಿದೆಯಾ, ಇಷ್ಟು ಹೇಳಿಬಿಡಿ. ಬರೀ "ಗಿಡ ಸಾಯ್ತಿದೆ" ಅಂದರೆ ನಾನೂ ನಿಮ್ಮ ಜೊತೆ ಕೂತು ನೋಡಬೇಕಷ್ಟೆ.

ಪ್ರಶ್ನೆ: ಸರ್, ಎಚೆವೇರಿಯಾ ತಂದು ಎರಡು ತಿಂಗಳಾಯಿತು. ಪ್ರತಿ ಭಾನುವಾರ ತಪ್ಪದೆ ಅರ್ಧ ಲೋಟ ನೀರು ಹಾಕುತ್ತಿದ್ದೆ. ಈಗ ಕೆಳಗಿನ ಎಲೆಗಳು ಹಳದಿಯಾಗಿವೆ, ಒಳಗೆ ನೀರು ತುಂಬಿದ ಹಾಗಿವೆ. ಮುಟ್ಟಿದರೆ ಉದುರುತ್ತವೆ. ನೀರು ಸಾಲದೇ ಹೋಯಿತಾ, ಜಾಸ್ತಿಯಾಯಿತಾ? ಪಿಂಗಾಣಿ ಕುಂಡ, ತೂತಿಲ್ಲ. ತಳಕ್ಕೆ ಸಣ್ಣ ಜಲ್ಲಿ ಹಾಕಿದರೆ ಸಾಕು ಅಂತ ಯಾರೋ ಹೇಳಿದ್ದರು, ಹಾಕಿದ್ದೇನೆ.

ಉತ್ತರ: ಜಾಸ್ತಿಯಾಗಿದೆ, ಮೇಡಂ. ನೀರು ಸಾಲದ ಎಲೆ ಸುಕ್ಕುಗಟ್ಟುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕಾಗದದಂತೆ ಒಣಗಿ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಎಳೆದರೂ ಸುಲಭಕ್ಕೆ ಬರುವುದಿಲ್ಲ. ನೀರು ಜಾಸ್ತಿಯಾದ ಎಲೆ ನೀವು ಹೇಳಿದ ಹಾಗೇ ಇರುತ್ತದೆ. ಬೆಳಕಿಗೆ ಹಿಡಿದರೆ ಬೆಳಕು ಹಾಯುವಷ್ಟು ತಿಳಿಯಾಗಿ, ಒತ್ತಿದರೆ ಪಿಚಕ್ಕನೆ ಒಡೆಯುವ ಹಾಗೆ.

ಆದರೆ ತಪ್ಪು ಅರ್ಧ ಲೋಟದ್ದಲ್ಲ. ಆ ಅರ್ಧ ಲೋಟ ಎಲ್ಲಿಗೆ ಹೋಯಿತು ಅನ್ನುವುದು ಪ್ರಶ್ನೆ. ತೂತಿಲ್ಲದ ಕುಂಡದಲ್ಲಿ ಅದು ಅಲ್ಲೇ ನಿಂತಿತು. ಮುಂದಿನ ಭಾನುವಾರ ಅದರ ಮೇಲೆ ಇನ್ನೊಂದು ಅರ್ಧ ಲೋಟ ಬಂತು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಆಮೇಲೆ ಶಿಲೀಂಧ್ರ ಹತ್ತುತ್ತದೆ, ಕೊಳೆತ ಅಲ್ಲಿಂದ ಕಾಂಡಕ್ಕೆ ಏರುತ್ತದೆ. ಈ ಗಿಡ ಒಂದೇ ಸಲಕ್ಕೆ ಎಷ್ಟು ನೀರು ಸುರಿದರೂ ತಡೆದುಕೊಳ್ಳುತ್ತದೆ. ಬೇರು ದಿನಗಟ್ಟಲೆ ಒದ್ದೆಯಾಗಿದ್ದರೆ ಮಾತ್ರ ತಡೆಯುವುದಿಲ್ಲ.

ಇನ್ನು ಜಲ್ಲಿ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಒದ್ದೆ ಸ್ಪಂಜನ್ನು ಕಲ್ಲುಗಳ ಮೇಲೆ ಇಟ್ಟರೆ ಅದರ ನೀರೆಲ್ಲ ತಾನಾಗಿ ಕಲ್ಲಿಗೆ ಇಳಿಯುತ್ತದಾ? ಇಲ್ಲ. ನುಣ್ಣನೆ ಮಣ್ಣೂ ಹಾಗೇ, ತನ್ನ ಸಣ್ಣ ಸಂದಿಗಳಲ್ಲಿ ನೀರು ಹಿಡಿದುಕೊಂಡಿರುತ್ತದೆ. ಮಣ್ಣಿನ ತಳದಲ್ಲಿ ಯಾವಾಗಲೂ ಒಂದು ಒದ್ದೆ ಪದರ ಉಳಿಯುತ್ತದೆ. ಜಲ್ಲಿ ಹಾಕಿ ನೀವು ಆ ಪದರವನ್ನು ಬೇರಿನ ಹತ್ತಿರಕ್ಕೆ ಎತ್ತಿ ಕೊಟ್ಟಿದ್ದೀರಿ, ಅಷ್ಟೆ.

ಈಗಲೇ ಗಿಡ ಹೊರಗೆ ತೆಗೆದು ಬೇರು ನೋಡಿ. ಜೀವ ಇರುವ ಬೇರು ಬೆಳ್ಳಗೆ ಅಥವಾ ತಿಳಿ ಕಂದು ಬಣ್ಣದಲ್ಲಿ ಗಟ್ಟಿಯಾಗಿರುತ್ತದೆ. ಸತ್ತದ್ದು ಕಪ್ಪು. ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ.

ಅದೇ ಮೇಡಂ: ತೆಗೆದು ನೋಡಿದೆ. ಎಲ್ಲಾ ಕಪ್ಪು, ವಾಸನೆ ಬೇರೆ. ಕಾಂಡ ಕತ್ತರಿಸಿದೆ. ಮಧ್ಯದಲ್ಲಿ ಕಂದು ಚುಕ್ಕೆ ಕಾಣುತ್ತಿದೆ.

ಉತ್ತರ: ಆ ಚುಕ್ಕೆ ಇದ್ದರೆ ಕೊಳೆತ ಇನ್ನೂ ಮೇಲಿದೆ ಅಂತ ಅರ್ಥ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಇನ್ನೊಂದು ಬಿಲ್ಲೆ ಕತ್ತರಿಸಿ. ಪ್ರತಿ ಸಲವೂ ಒರೆಸಬೇಕು, ಮರೆಯಬೇಡಿ. ಇಲ್ಲದಿದ್ದರೆ ನೀವೇ ಕೊಳೆತವನ್ನು ಮೇಲಕ್ಕೆ ಸಾಗಿಸಿದ ಹಾಗಾಗುತ್ತದೆ. ಕತ್ತರಿಸಿದ ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವವರೆಗೂ ಹೋಗಿ.

ಅದೇ ಮೇಡಂ: ನಾಲ್ಕನೇ ಸಲಕ್ಕೆ ಶುದ್ಧ ಹಸಿರು ಬಂತು. ಉಳಿದದ್ದು ಉಗುರಿನಷ್ಟು ಕಾಂಡ, ಸುಳಿ, ಎಂಟು ಎಲೆ. ಬದುಕುತ್ತಾ?

ಉತ್ತರ: ಸುಳಿ ಚೆನ್ನಾಗಿದ್ದರೆ ಅಷ್ಟು ಧಾರಾಳ ಸಾಕು. 4-5 ದಿನ ನೆರಳಲ್ಲಿ, ಗಾಳಿಯಾಡುವ ಕಡೆ ಸುಮ್ನೆ ಇಟ್ಟುಬಿಡಿ. ಗಾಯ ಒಣಗಿ ಮೇಲೆ ಪೊರೆ ಕಟ್ಟಬೇಕು. ಆಮೇಲೆ ಒಣ ಮಣ್ಣಿನ ಮಿಶ್ರಣದ ಮೇಲೆ ಕೂರಿಸಿ. ನೀರು ಬೇಡ. 2-4 ವಾರದಲ್ಲಿ ಬೇರು ಬಿಡುತ್ತದೆ. ಮೆಲ್ಲಗೆ ಅಲ್ಲಾಡಿಸಿದಾಗ ಹಿಡಿದುಕೊಂಡಿದೆ ಅನ್ನಿಸಿದ ಮೇಲೆ ಮೊದಲ ನೀರು. ಅಲ್ಲಿಯವರೆಗೆ ಎಲೆ ಸ್ವಲ್ಪ ಸೊರಗುತ್ತದೆ. ಸೊರಗಲಿ. ಎಲೆಯಲ್ಲಿ ಕೂಡಿಟ್ಟ ನೀರು ಇಂಥ ದಿನಕ್ಕೇ ಅಲ್ವಾ?

ಪ್ರಶ್ನೆ: ಹಾಗಾದರೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು? ಒಬ್ಬರು 10 ದಿನ ಅಂತಾರೆ, ಇನ್ನೊಬ್ಬರು ತಿಂಗಳಿಗೊಮ್ಮೆ ಅಂತಾರೆ.

ಉತ್ತರ: ಇಬ್ಬರೂ ಅವರವರ ಕಿಟಕಿಯ ಲೆಕ್ಕ ಹೇಳುತ್ತಿದ್ದಾರೆ. ದಿನ ಎಣಿಸಬೇಡಿ. ಬಿದಿರು ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗಿದ್ದರೆ, ಮಣ್ಣು ಮೆತ್ತಿಕೊಂಡಿದ್ದರೆ ಇನ್ನೂ ಹೊತ್ತಿದೆ. ಒಣಗಿದ್ದರೆ ಆಮೇಲೆ ಎಲೆಯನ್ನೂ ಕೇಳಿ. ಕೆಳಗಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಒತ್ತಿ. ಗಟ್ಟಿಯಾಗಿದ್ದರೆ ಇನ್ನೂ ಎರಡು ದಿನ ಕಾಯಬಹುದು, ಸ್ವಲ್ಪ ಬಗ್ಗಿದರೆ ಬಾಯಾರಿದೆ. ನಾನು ಕುಂಡ ಎತ್ತಿ ತೂಕದಲ್ಲೇ ಹೇಳುತ್ತೇನೆ. ನಾಲ್ಕು ಸಲ ಎತ್ತಿದರೆ ನಿಮಗೂ ಬರುತ್ತದೆ, ಏನೂ ವಿದ್ಯೆ ಅಲ್ಲ.

ಹಾಕುವಾಗ ಮಾತ್ರ ಚಮಚದ ಲೆಕ್ಕ ಬೇಡ. ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಸ್ಪ್ರೇ ಬಾಟಲಿ ಎತ್ತಿಡಿ. ಎಲೆ ಮೇಲೆ ಚಿಮುಕಿಸಿದ ನೀರು ಬೇರಿಗೆ ತಲುಪುವುದಿಲ್ಲ, ಸುಳಿಯಲ್ಲಿ ನಿಂತು ಕೊಳೆಸುತ್ತದೆ.

ಇವು ಇಷ್ಟು ದಿನ ಹೇಗೆ ತಡೆಯುತ್ತವೆ ಅಂದರೆ, ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ಒಳಗೆ ಎಳೆದುಕೊಳ್ಳುತ್ತವೆ. ಬಿಸಿಲಿಗೆ ಆ ರಂಧ್ರದಿಂದಲೇ ನೀರು ಆವಿಯಾಗಿ ಹೋಗುತ್ತದೆ. ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ಒಳಗೆ ಬಂದ ಕಾರ್ಬನ್ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಬಳಸುತ್ತವೆ. ಎಚೆವೇರಿಯಾ, ಸೀಡಮ್, ಕ್ರಾಸುಲಾ ಎಲ್ಲ ಒಂದೇ ಕುಟುಂಬ, ಕ್ರಾಸುಲೇಸಿ. ಈ ವಿಧಾನಕ್ಕೆ ಅದೇ ಕುಟುಂಬದ ಹೆಸರು ಬಂದಿದೆ.

ಪ್ರಶ್ನೆ: ನನ್ನ ಎಚೆವೇರಿಯಾ ತರುವಾಗ ಗುಲಾಬಿ ಹೂವಿನ ಹಾಗೆ ದುಂಡಗಿತ್ತು. ಮೂರು ತಿಂಗಳಲ್ಲಿ ಕತ್ತು ಉದ್ದ ಮಾಡಿಕೊಂಡು ಕಿಟಕಿ ಕಡೆ ವಾಲಿದೆ. ಬಣ್ಣವೂ ಹೋಗಿ ಬರೀ ಹಸಿರು. ಗೊಬ್ಬರ ಹಾಕಲಾ?

ಉತ್ತರ: ಬೇಡ, ಬೇಡ. ಗೊಬ್ಬರ ಹಾಕಿದರೆ ಇನ್ನೂ ಬೇಗ ಉದ್ದವಾಗುತ್ತದೆ. ಅದು ಬೆಳಕು ಹುಡುಕುತ್ತಿದೆ. ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಗಿಡಕ್ಕೆ ಆ ಸೌಕರ್ಯ ಇಲ್ಲ. ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಬಂದರೂ ಬೆಳಕು ತುಂಬಾ ಇಳಿದಿರುತ್ತದೆ.

ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ತಲೆ ಕತ್ತರಿಸಿ, ಒಣಗಿಸಿ ನೆಡಿ. ಉಳಿದ ಮೋಟು ಎಸೆಯಬೇಡಿ, ಅದರ ಪಕ್ಕದಿಂದ ಮರಿ ಬರುತ್ತವೆ. ಎಚೆವೇರಿಯಾಗೆ ದಿನಕ್ಕೆ 4-6 ಗಂಟೆ ನೇರ ಬಿಸಿಲು ಸಿಕ್ಕರೆ ಒಳ್ಳೆಯದು. ಹಾಗಂತ ಇವತ್ತೇ ತೆಗೆದುಕೊಂಡು ಹೋಗಿ ಮಧ್ಯಾಹ್ನದ ಬಿಸಿಲಿಗೆ ಇಡಬೇಡಿ. ಒಂದೇ ದಿನಕ್ಕೆ ಸುಟ್ಟ ಕಲೆ ಬೀಳುತ್ತದೆ, ಆ ಎಲೆ ಉದುರುವವರೆಗೂ ಕಲೆ ಹೋಗುವುದಿಲ್ಲ. ಬೆಳಗಿನ ಬಿಸಿಲಿಂದ ಶುರುಮಾಡಿ, 10-15 ದಿನ ತೆಗೆದುಕೊಂಡು ಹೆಚ್ಚಿಸಿ. ಕೆಂಪು, ನೇರಳೆ ಅಂಚು ತಾನಾಗಿ ಬರುತ್ತದೆ. ಜೋರು ಬಿಸಿಲು, ತಂಪು ರಾತ್ರಿ ಸಿಕ್ಕಿದಾಗ ಎಲೆ ತಯಾರಿಸಿಕೊಳ್ಳುವ ಬಣ್ಣ ಅದು. ಎಲೆ ಮೇಲೆ ಬೂದಿಯಂಥ ಬಿಳಿ ಪುಡಿ ಇರುತ್ತದಲ್ಲ, ಧೂಳು ಅಂದುಕೊಂಡು ಒರೆಸುವವರಿದ್ದಾರೆ. ಅದು ಗಿಡವೇ ಹಚ್ಚಿಕೊಂಡ ಮೇಣ, ಬಿಸಿಲಿನಿಂದ ಕಾಪಾಡುವಂಥದ್ದು. ನಿಮ್ಮ ಬೆರಳಿನ ಗುರುತು ಆ ಎಲೆ ಇರುವವರೆಗೂ ಇರುತ್ತದೆ.

ಬಿಸಿಲೇ ಬಾರದ ಮನೆಯಾದರೆ ಎಚೆವೇರಿಯಾ ಆಸೆ ಬಿಡಿ. ಹಾವೋರ್ಥಿಯಾ, ಗ್ಯಾಸ್ಟೇರಿಯಾ ತನ್ನಿ. ಚೆನ್ನಾದ ಬೆಳಕಿದ್ದರೆ ಸಾಕು, ಬಿಸಿಲಿಗೆ ಹಟ ಮಾಡುವುದಿಲ್ಲ.

ಪ್ರಶ್ನೆ: ಮಣ್ಣಿನ ಮಿಶ್ರಣ ಹೇಗಿರಬೇಕು?

ಉತ್ತರ: ಒಂದು ಪಾಲು ಸೋಸಿದ ಕಾಂಪೋಸ್ಟ್, ಎರಡು ಪಾಲು ಹರಳು. ಹರಳು ಅಂದರೆ ಪ್ಯೂಮಿಸ್, ಪರ್ಲೈಟ್ (ಎರಡೂ ಸಣ್ಣ ತೂತುಗಳಿರುವ ಹಗುರ ಕಲ್ಲು), ಇಟ್ಟಿಗೆ ಚೂರು, ಯಾವುದಾದರೂ ಸರಿ, 3-5 ಮಿಲಿಮೀಟರ್ ಇರಲಿ. ಇಟ್ಟಿಗೆಯಾದರೆ ಜರಡಿ ಹಿಡಿದು ಪುಡಿ ಬೇರೆ ಮಾಡಿ, ತೊಳೆದು ಹಾಕಿ. ಪುಡಿ ಉಳಿದರೆ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ನುಣ್ಣನೆ ಮರಳೂ ಅದೇ ಕಾರಣಕ್ಕೆ ಬೇಡ. ಒಂದು ಹಿಡಿ ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆ ಕಟ್ಟದೆ ಉದುರಿದರೆ ಮಿಶ್ರಣ ಸರಿಯಿದೆ.

ಪ್ರಶ್ನೆ: ವಿಡಿಯೋ ನೋಡಿ 20 ಎಲೆ ಕಿತ್ತು ಮಣ್ಣಿಗೆ ಚುಚ್ಚಿದೆ. ಒಂದೂ ಚಿಗುರಲಿಲ್ಲ, ಎಲ್ಲಾ ಕೊಳೆತವು.

ಉತ್ತರ: ಚುಚ್ಚಿದ್ದೇ ತಪ್ಪು. ಕೀಳುವಾಗಲೂ ಬುಡ ಮುರಿದಿರಬಹುದು. ಹೊಸ ಗಿಡ ಹುಟ್ಟುವುದು ಎಲೆ ಕಾಂಡಕ್ಕೆ ಸೇರುವ ಆ ಬುಡದಿಂದಲೇ. ಎಲೆಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ, ಟಕ್ ಅಂತ ಪೂರ್ತಿ ಬಿಡಿಸಿಕೊಂಡು ಬರಬೇಕು. ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಮಿಶ್ರಣದ ಮೇಲೆ ಸುಮ್ನೆ ಮಲಗಿಸಿ. ಮೊದಲು ಗುಲಾಬಿ ಬಣ್ಣದ, ದಾರದಂಥ ಬೇರು ಬರುತ್ತದೆ. ಆಮೇಲೆ ಸಾಸಿವೆಯಷ್ಟು ದೊಡ್ಡ ಗಿಡ, ಎಣಿಸಬಹುದಾದ ಎಲೆಗಳ ಸಮೇತ. ಕೆಲವು ಎಲೆ ಬರೀ ಬೇರು ಬಿಡುತ್ತವೆ, ಗಿಡ ಬರುವುದೇ ಇಲ್ಲ. ಅದಕ್ಕೆ ನಾನೂ ಏನೂ ಮಾಡಲಾಗುವುದಿಲ್ಲ. ತಾಯಿ ಎಲೆ ಒಣಗಿ ತಾನಾಗಿ ಕಳಚುವವರೆಗೆ ಕೀಳಬೇಡಿ, ಮರಿ ಕುಡಿಯುತ್ತಿರುವುದು ಅದನ್ನೇ. ಗ್ರಾಪ್ಟೋಪೆಟಲಮ್, ಸೀಡಮ್‌ನಿಂದ ಶುರುಮಾಡಿ, ಸುಲಭ. ಏಯೋನಿಯಂನ ಎಲೆ ಇಟ್ಟು ಕಾಯಬೇಡಿ, ಅದಕ್ಕೆ ಕೊಂಬೆಯೇ ಬೇಕು.

ಪ್ರಶ್ನೆ: ಎಲೆ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಏನೋ ಕೂತಿದೆ. ಇರುವೆ ಓಡಾಡುತ್ತಿವೆ.

ಉತ್ತರ: ಹಿಟ್ಟು ತಿಗಣೆ. ಮೊದಲು ಆ ಕುಂಡವನ್ನು ಬೇರೆ ಕಡೆ ಇಡಿ. ಹತ್ತಿ ಕಡ್ಡಿಯನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೊಂದಕ್ಕೂ ತಾಗಿಸಿ. ನೆರಳಲ್ಲಿ ಮಾಡಿ. ಮೊಟ್ಟೆ ಉಳಿದಿರುತ್ತವೆ, ಹಾಗಾಗಿ ವಾರಕ್ಕೊಮ್ಮೆ ಮೂರ್ನಾಲ್ಕು ಸಲ ಮಾಡಬೇಕು. ಕುಂಡದಿಂದ ಎತ್ತಿ ಬೇರನ್ನೂ ನೋಡಿ, ಅಲ್ಲೂ ಅಡಗಿರುತ್ತವೆ. ಇರುವೆಗಳು ತಿಗಣೆ ಸುರಿಸುವ ಸಿಹಿ ಅಂಟಿಗೆ ಬರುವುದು, ಗಿಡಕ್ಕಲ್ಲ.

ಪ್ರಶ್ನೆ: ನನ್ನ ಲಿಥಾಪ್ಸ್ (ಕಲ್ಲಿನಂತೆ ಕಾಣುವ, ಒಂದು ಜೋಡಿ ಎಲೆಯ ಸಕ್ಯುಲೆಂಟ್) ಮಧ್ಯೆ ಸೀಳಿ ಒಳಗಿಂದ ಇನ್ನೊಂದು ಜೋಡಿ ಎಲೆ ಬರುತ್ತಿದೆ. ಹಳೆಯದು ಸುಕ್ಕಾಗಿದೆ. ನೀರು ಹಾಕಲಾ?

ಉತ್ತರ: ಕೈ ಕಟ್ಟಿಕೊಂಡು ಕೂರಿ. ಹಳೆ ಜೋಡಿಯ ನೀರನ್ನೇ ಹೊಸದು ಹೀರಿಕೊಳ್ಳುತ್ತಿದೆ. ಈಗ ನೀರು ಕೊಟ್ಟರೆ ಹಳೆಯದು ಒಣಗುವುದೇ ಇಲ್ಲ, ಗಿಡ ಒಂದರ ಮೇಲೊಂದು ಜೋಡಿ ಹೊತ್ತು ಒಡೆಯುತ್ತದೆ. ಹಳೆಯದು ಪೂರ್ತಿ ಕಾಗದವಾದ ಮೇಲೆ ಹಾಕಿ. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಸಸ್ಯಶೋಧಕ ದಕ್ಷಿಣ ಆಫ್ರಿಕಾದಲ್ಲಿ ಇದನ್ನು ವಿಚಿತ್ರ ಬೆಣಚುಕಲ್ಲು ಅಂದುಕೊಂಡು ನೆಲದಿಂದ ಎತ್ತಿಕೊಂಡಿದ್ದ. ಕಲ್ಲಿಗೆ ಎಷ್ಟು ನೀರು ಹಾಕುತ್ತೀರೋ ಹೆಚ್ಚುಕಡಿಮೆ ಅಷ್ಟೇ ಇದಕ್ಕೂ.

ಪ್ರಶ್ನೆ: ಮನೆಯಲ್ಲಿ ಬೆಕ್ಕಿದೆ. ಎಲ್ಲವನ್ನೂ ಕಚ್ಚುತ್ತದೆ.

ಉತ್ತರ: ಎಚೆವೇರಿಯಾ, ಹಾವೋರ್ಥಿಯಾ ಭಯವಿಲ್ಲ. ಕಲಾಂಚೊ ಬೇಡವೇ ಬೇಡ, ಅದರ ವಿಷ ಬೆಕ್ಕು ನಾಯಿಗಳ ಹೃದಯಕ್ಕೆ ತಾಗುತ್ತದೆ. ಯುಫೋರ್ಬಿಯಾದ ಬಿಳಿ ಹಾಲು ಮನುಷ್ಯರಿಗೂ ಕೆಟ್ಟದ್ದು. ಕತ್ತರಿಸುವಾಗ ಗ್ಲೌಸ್ ಹಾಕಿ, ಕಣ್ಣು ಮುಟ್ಟಿಕೊಳ್ಳಬೇಡಿ.

ಪ್ರಶ್ನೆ: ಹೂವಿನ ದಂಟು ಬಂದಿದೆ. ಹೂ ಬಿಟ್ಟರೆ ಗಿಡ ಸಾಯುತ್ತದಂತೆ, ಹೌದಾ?

ಉತ್ತರ: ಎಚೆವೇರಿಯಾ ಸಾಯುವುದಿಲ್ಲ, ನೋಡಿ ಖುಷಿಪಡಿ. ಸೆಂಪರ್ವೈವಮ್ ಆದರೆ ಹೂ ಬಿಟ್ಟ ಆ ಒಂದು ತಲೆ ಹೋಗುತ್ತದೆ, ಸುತ್ತಲಿನ ಮರಿಗಳು ಉಳಿಯುತ್ತವೆ.

ಮೊದಲು ಕೇಳಿದ ಮೇಡಂ: ಸರ್, ಆ ಪಿಂಗಾಣಿ ಕುಂಡ ಉಡುಗೊರೆ ಬಂದದ್ದು. ಎಸೆಯಲು ಮನಸ್ಸಿಲ್ಲ.

ಉತ್ತರ: ಎಸೆಯೋದ್ಯಾಕೆ? ತೂತಿರುವ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಆ ಪಿಂಗಾಣಿ ಕುಂಡದೊಳಗೆ ಇಳಿಸಿಡಿ. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ. ಆ ಜಲ್ಲಿ ಇದೆಯಲ್ಲ, ಅದನ್ನು ಮಣ್ಣಿನ ಮೇಲೆ ಹರಡಿ. ಕೆಳಗಿನ ಎಲೆ ಒದ್ದೆ ಮಣ್ಣಿಗೆ ತಾಗುವುದಿಲ್ಲ, ನೋಡಲೂ ಚೆಂದ.