ಸಮಾಧಿ ಖಾಲಿಯಾಗದಿದ್ದರೆ ನಷ್ಟವೇನು?

ಸುನಿಲ್: (ಫಾರ್ವರ್ಡ್ ಮಾಡಿದ ಲೇಖನ: ‘ಪುನರುತ್ಥಾನ ಬರೀ ಸಂಕೇತ’) ಎಲ್ಲರೂ ಓದಿ. ಶಿಲುಬೆಯಲ್ಲಿ ಸತ್ತ ಯೇಸು ಸಮಾಧಿಯಿಂದ ಎದ್ದು ಬಂದನೋ ಇಲ್ಲವೋ ಎಂಬ ತಕರಾರೇ ಬೇಡ ಎನ್ನುತ್ತಾರೆ. ಬೆಟ್ಟದ ಮೇಲೆ ಅವನು ಮಾಡಿದ ಬೋಧನೆ, ಪರ್ವತ ಪ್ರಸಂಗ ಇದ್ದರೆ ಸಾಕಲ್ಲವೇ?

ಗ್ರೇಸ್ ಅಕ್ಕ: ಓದಿದೆ. ನಯವಾಗಿ ಬರೆಯುತ್ತಲೇ ಬುಡಕ್ಕೆ ಕೊಡಲಿ ಹಾಕಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಅಪೊಸ್ತಲ (ಆದಿ ಧರ್ಮಪ್ರಚಾರಕ) ಪೌಲನು ಕಡ್ಡಿ ಮುರಿದಂತೆ ಹೇಳಿದ್ದಾನೆ: ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ, ನಾವು ಸುಳ್ಳುಸಾಕ್ಷಿಗಳು. ಬೋಧನೆಯಾದರೂ ಉಳಿಯುತ್ತದೆ ಎಂಬ ಸಮಾಧಾನವನ್ನು ಅವನು ಕೊಡಲೇ ಇಲ್ಲ.

ಸುನಿಲ್: ಅದು ಪೌಲನ ಮಾತು ಅಕ್ಕ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲೇ ತಾಳೆಯಿಲ್ಲ. ಸಮಾಧಿಯಲ್ಲಿ ಕಂಡವನು ಮಾರ್ಕನ ಪ್ರಕಾರ ಒಬ್ಬ ಯುವಕ, ಲೂಕನ ಪ್ರಕಾರ ಇಬ್ಬರು. ಮಾರ್ಕನ ಅತಿ ಹಳೆಯ ಪೂರ್ಣ ಪ್ರತಿಗಳು 16:8ಕ್ಕೇ ನಿಲ್ಲುತ್ತವೆ. ಎದ್ದ ಯೇಸು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಗ್ರೇಸ್ ಅಕ್ಕ: ನಿಲ್ಲುತ್ತವೆ, ನಿಜ. ಎಂಟನೆಯ ವಚನಕ್ಕೆ ಮುಂಚೆ ಆರನೆಯದೂ ಇದೆ: ಎದ್ದಿದ್ದಾನೆ, ಇಲ್ಲಿಲ್ಲ. ಆ ಹೆಂಗಸರು ನಡುಗುತ್ತಾ ಓಡಿದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಸಂಕೇತವನ್ನು ಕಂಡು ಯಾರಾದರೂ ಹಾಗೆ ಓಡುತ್ತಾರೆಯೇ? ಇನ್ನು ಪೌಲನ ಪತ್ರ ಸುಮಾರು ಕ್ರಿ.ಶ. 55ರದು, ಮಾರ್ಕನಿಗಿಂತ ಹಳೆಯದು. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, 500ಕ್ಕೂ ಹೆಚ್ಚು ಸಹೋದರರು, ಯಾಕೋಬ ಎಂದು ಕಂಡವರನ್ನೆಲ್ಲ ಹೆಸರಿಸುತ್ತಾ, ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ತನಗೆ ತಿಳಿಸಿದ್ದನ್ನೇ ತಾನು ತಿಳಿಸಿದೆ ಎಂದೂ ಹೇಳುತ್ತಾನೆ. ಅವನು ಹೊಸೆದ ಕಥೆಯಲ್ಲ ಇದು.

ದೊಡ್ಡಪ್ಪ: ಸುನಿಲ, ಸಾಕ್ಷಿ ಸಾಲದು ಎಂದರೆ ಒಪ್ಪದಿದ್ದರೂ ಕೇಳಿಸಿಕೊಳ್ಳುತ್ತೇನೆ. ಎದ್ದರೂ ಒಂದೇ, ಏಳದಿದ್ದರೂ ಒಂದೇ ಎನ್ನಬೇಡ. ರೋಮನ್ನರು ಶಿಲುಬೆಗೇರಿಸಿದವರು ಸಾವಿರಾರು ಮಂದಿ. ಅವರ ಸಾವಿನಿಂದ ಪಾಪ ಪರಿಹಾರವಾಯಿತೆಂದು ಯಾರೂ ಸಾರುತ್ತಾ ಹೊರಡಲಿಲ್ಲ. ಈ ಒಂದು ಮರಣ ಬೇರೆ ಎಂದು ಶಿಷ್ಯರಿಗೆ ಹೊಳೆದದ್ದೇ ಮೂರನೆಯ ದಿನದ ನಂತರ. ಅಲ್ಲಿಯವರೆಗೆ ಪೇತ್ರನೂ ಬಾಗಿಲು ಹಾಕಿಕೊಂಡು ಕುಳಿತವನೇ.

ಸುನಿಲ್: ಹಾಗಾದರೆ ನಂಬಲಾಗದವನು ಕ್ರೈಸ್ತನೇ ಅಲ್ಲವೇ ದೊಡ್ಡಪ್ಪ?

ದೊಡ್ಡಪ್ಪ: ಕಣ್ಣಾರೆ ಕಾಣದೆ ನಂಬೆನೆಂದ ಶಿಷ್ಯ ತೋಮನನ್ನು ಯಾರೂ ಹೊರಗೆ ಹಾಕಲಿಲ್ಲವಲ್ಲ. ಅಷ್ಟು ಅನುಮಾನ ಇಟ್ಟುಕೊಂಡೂ ಎಂಟು ದಿನದ ಮೇಲೆ ಅವರ ಜೊತೆಗೇ ಇದ್ದ. ಆದರೆ ಅವನು ಕೇಳಿದ್ದು ಮೊಳೆಯ ಗಾಯ ಮುಟ್ಟಬೇಕೆಂದು. ಗಾಯ ಇದ್ದರೆಷ್ಟು, ಬಿಟ್ಟರೆಷ್ಟು ಎನ್ನಲಿಲ್ಲ.

ಗ್ರೇಸ್ ಅಕ್ಕ: ಆ ಲೇಖನದಲ್ಲಿ ತೋಮನ ಹೆಸರೇ ಇಲ್ಲ, ಗಮನಿಸಿದೆಯಾ?

ಸುನಿಲ್: ಗಮನಿಸಿದೆ. ಸಮಾಧಿಯಲ್ಲಿ ಇದ್ದದ್ದು ಒಬ್ಬನೋ ಇಬ್ಬರೋ ಎಂಬುದಕ್ಕೆ ನೀವಿಬ್ಬರೂ ಉತ್ತರ ಕೊಡದಿದ್ದದ್ದನ್ನೂ ಗಮನಿಸಿದೆ.