ವರ್ಷಕ್ಕೆ ಒಂಬತ್ತೇ ಮನೆ ಕಟ್ಟೋ ಸಂಸ್ಥೆಗೆ ದುಡ್ಡು ಕೊಡಬಹುದಾ?

ಬೋಸ್ಟನ್‌ಬೋಂಡಾ:

ಅಮೆರಿಕದ ಬೋಸ್ಟನ್ ಕಡೆ ಇರೋ ನಾವು ಏಳೆಂಟು ಕನ್ನಡದ ಮನೆಯವರು ಪ್ರತಿ ಡಿಸೆಂಬರಲ್ಲಿ ಕೈಲಾದಷ್ಟು ಹಾಕಿ ಯಾವುದಾದ್ರೂ ಒಂದು ಕಡೆ ಕೊಡ್ತೀವಿ. ಇಷ್ಟು ದಿನ ಊರಿನ ಶಾಲೆ, ಕಣ್ಣಿನ ಆಸ್ಪತ್ರೆ ಅಂತ ಕಳಿಸ್ತಿದ್ವಿ. ಈ ಸಲ ಒಬ್ಬರು "ಇಲ್ಲಿ ಉಂಡು ಇಲ್ಲಿ ಬೆಳೆದಿದೀವಿ, ಇಲ್ಲಿಗೂ ಏನಾದ್ರೂ ಕೊಡೋಣ" ಅಂದ್ರು. ಸರಿ ಅಂತ ನಾವಿರೋ ಊರಲ್ಲೇ ಕಡಿಮೆ ಆದಾಯದವರಿಗೆ ಮನೆ ಕಟ್ಟೋ ಒಂದು ಸಂಸ್ಥೆಯ ವಾರ್ಷಿಕ ವರದಿ ತರಿಸಿದೆ.

ಹೊಳೆಯೋ ಕಾಗದ, ಪುಟಪುಟಕ್ಕೂ ನಗೋ ಮುಖ. ಎಲ್ಲ ತಿರುವಿ ಹಾಕಿದ ಮೇಲೆ ಸಿಕ್ಕಿದ್ದು ಇಷ್ಟು: ಇಡೀ ವರ್ಷಕ್ಕೆ ಒಂಬತ್ತು ಹೊಸ ಮನೆ, ಒಂದಷ್ಟು ಹಳೇ ಮನೆ ರಿಪೇರಿ. ಉಳಿದದ್ದೆಲ್ಲ "ಬಡಾವಣೆ ಪುನಶ್ಚೇತನ" ಅನ್ನೋ ತಲೆಬರಹದ ಕೆಳಗೆ. ಗಿಡ ನೆಟ್ಟಿದ್ದು, ಬೀದಿದೀಪ, ಖಾಲಿ ಸೈಟಲ್ಲಿ ತರಕಾರಿ ಮಡಿ, ಗೋಡೆ ಮೇಲೆ ಚಿತ್ರ. ಖರ್ಚಿನ ಕಾಲಂ ನೋಡಿದ್ರೆ ತಲೆ ತಿರುಗುತ್ತೆ. ನಮ್ಮಪ್ಪ ಹಾಸನದ ಕಡೆ ಪಂಚಾಯ್ತಿ ಮೆಂಬರ್ ಆಗಿದ್ದಾಗ ಆಶ್ರಯ ಯೋಜನೆಯಲ್ಲಿ ಒಂದೇ ಸಲಕ್ಕೆ ಒಂದು ಬೀದಿನೇ ಎದ್ದಿತ್ತು!

ಒಂಬತ್ತು ಅನ್ನೋದು ತೀರಾ ಕಮ್ಮಿ ಅಲ್ವಾ? ಇಂಥ ವರದಿಯಲ್ಲಿ ನಿಜವಾಗಿ ನೋಡಬೇಕಾದ್ದೇನು? ಕೆಲಸ ಮಾಡಿ ಗೊತ್ತಿರೋರು ಹೇಳಿ. "ಇಂಡಿಯಾಕ್ಕೇ ಕೊಡಿ" ಅನ್ನೋ ಉತ್ತರ ಬೇಡ, ಆ ಜಗಳ ಮನೇಲೇ ಆಗಿದೆ.

ತುಂಗಾತೀರ:

ಇಂಥದ್ದೇ ಒಂದು ಸಂಸ್ಥೆಯ ಹಣಕಾಸು ಸಮಿತಿಯಲ್ಲಿ ಕೂತಿದ್ದೀನಿ, ನಿಮ್ಮದೇ ರಾಜ್ಯದಲ್ಲಿ. ಸಂಬಳ ಇಲ್ಲ. ಸಪ್ಪೆ ಕಾಫಿ ಇದೆ. ಹಾಗಾಗಿ ಪಕ್ಷಪಾತ ಇರಬಹುದು ಅಂತ ಲೆಕ್ಕ ಹಾಕ್ಕೊಂಡೇ ಓದಿ.

ಮೊದಲು ಒಂಬತ್ತರ ಮಾತು. ಆ ಒಂಬತ್ತು ಮನೆ ಆ ವರ್ಷದವಲ್ಲ. ಆ ವರ್ಷ ಕೀಲಿ ಕೊಟ್ಟಿದ್ದು, ಅಷ್ಟೇ. ಜಾಗ ಸಿಕ್ಕಿ ಎಷ್ಟೋ ಕಾಲ ಆಗಿರುತ್ತೆ. ಹಳೇ ಗ್ಯಾರೇಜ್ ಇದ್ದ ಜಾಗವಾದ್ರೆ ಮಣ್ಣಲ್ಲಿ ಎಣ್ಣೆ, ಹಳೇ ಮನೆ ಕೆಡವಿದ ಜಾಗವಾದ್ರೆ ಬಣ್ಣದಿಂದ ಉದುರಿದ ಸೀಸ. ಅದಕ್ಕೇ ನಿಮ್ಮ ವರದಿಯ ಫೋಟೋದಲ್ಲಿ ತರಕಾರಿನ ನೆಲದಲ್ಲಿ ಬೆಳೆಸದೆ ಹಲಗೆ ಕಟ್ಟಿದ ಎತ್ತರದ ಮಡಿಯಲ್ಲಿ ಬೆಳೆಸಿರ್ತಾರೆ, ನೋಡಿ. ಆಮೇಲೆ ಪಾಯ. ಇಲ್ಲಿ ಚಳಿಗೆ ನೆಲ ಹೆಪ್ಪುಗಟ್ಟುತ್ತಲ್ಲ, ಪಾಯ ನಾಲ್ಕು ಅಡಿ ಕೆಳಗೆ ಹೋಗಲೇಬೇಕು. ಚಳಿಗೆ ಮುಂಚೆ ಕಾಂಕ್ರೀಟ್ ಹಾಕಲಿಲ್ಲ ಅಂದ್ರೆ ಸಾಮಾನ್ಯವಾಗಿ ಕೆಲಸ ವಸಂತಕ್ಕೆ ಹೋಯ್ತು ಅಂತಲೇ.

ಆದ್ರೆ ಮಣ್ಣು, ಚಳಿ ಎರಡಕ್ಕಿಂತ ಹೆಚ್ಚು ಕಾಲ ತಿನ್ನೋದು ಟೌನ್ ಹಾಲಿನ ಸಾರ್ವಜನಿಕ ಹಿಯರಿಂಗ್, ಅಂದ್ರೆ ಕಟ್ಟೋಕೆ ಒಪ್ಪಿಗೆ ಕೊಡೋ ಮುಂಚೆ ಊರವರ ಅಹವಾಲು ಕೇಳೋ ಸಭೆ. ರಾತ್ರಿ ಏಳಕ್ಕೆ ಶುರು. ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಮೈಕ್ ಮುಂದೆ ಬರ್ತಾರೆ. "ಬಡವರು ಬರೋದು ಬೇಡ" ಅಂತ ಒಬ್ಬರೂ ಬಾಯಿಬಿಟ್ಟು ಹೇಳಲ್ಲ. ಎಲ್ಲರೂ ಪಾರ್ಕಿಂಗ್ ಅಂತಾರೆ. ನೆರಳು ಬೀಳುತ್ತೆ ಅಂತಾರೆ, ಚರಂಡಿ ತಡೆಯಲ್ಲ ಅಂತಾರೆ. ಹನ್ನೆರಡು ಮನೆಯ ನಕ್ಷೆ ಒಳಗೆ ಹೋಗಿ ಒಂಬತ್ತಾಗಿ ಹೊರಗೆ ಬರೋದು ಇಲ್ಲೇ.

ಈಗ ನಿಮ್ಮ ಎರಡನೇ ಪ್ರಶ್ನೆ. ನಾನಾದ್ರೆ ಮನೆ ಎಣಿಸೋಕೆ ಹೋಗಲ್ಲ. ಕೇಳೋದು ಒಂದೇ: ಮನೆ ಕೊಂಡವರು ಮುಂದೆ ಮಾರಿದ್ರೆ ಏನಾಗುತ್ತೆ?

ಯಾಕಂದ್ರೆ ಇಲ್ಲಿ ದುಬಾರಿ ಆಗಿರೋದು ಗೋಡೆ, ಸೂರಿಗಿಂತ ಹೆಚ್ಚಾಗಿ ಜಾಗ. ಸಂಸ್ಥೆ ದಾನ, ಸರ್ಕಾರದ ಅನುದಾನ ಎಲ್ಲ ಸುರಿದು ಅಗ್ಗಕ್ಕೆ ಮನೆ ಕೊಡ್ತು ಅಂತಿಟ್ಕೊಳ್ಳಿ. ಕೆಲವು ವರ್ಷ ಬಿಟ್ಟು ಮನೆಯವರು ಬಜಾರ್ ರೇಟಿಗೆ ಮಾರಿ ಹೋದ್ರೆ ಅವರಿಗೆ ಒಳ್ಳೇದಾಯ್ತು, ಸಂತೋಷ. ಆದ್ರೆ ನೀವು ಕೊಟ್ಟ ದುಡ್ಡು ಅಲ್ಲಿಗೆ ಮುಗೀತು. ಮುಂದಿನ ಬಡ ಕುಟುಂಬಕ್ಕೆ ಮತ್ತೆ ಮೊದಲಿಂದ.

ಇದನ್ನ ತಡೆಯೋಕೆ ಬೇರೆಬೇರೆಯವರು ಬೇರೆಬೇರೆ ದಾರಿ ಹಿಡಿದಿದ್ದಾರೆ. ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಹೆಸರು ಕೇಳೇ ಇರ್ತೀರಿ, 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಅನ್ನೋ ಊರಲ್ಲಿ ಶುರುವಾಗಿದ್ದು. ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ನಿಲ್ತಿದ್ರಲ್ಲ, ಅದೇ. ಅವರಲ್ಲಿ ಮನೆ ಪಡೆಯೋರೇ ಕಟ್ಟೋ ಕೆಲಸದಲ್ಲಿ ಇಂತಿಷ್ಟು ಗಂಟೆ ಮೈ ಬಗ್ಗಿಸಬೇಕು. ಅವರು ತೀರಿಸೋ ಸಾಲದ ಕಂತೇ ಮುಂದಿನ ಮನೆಗೆ ಇಟ್ಟಿಗೆ ಆಗುತ್ತೆ.

ಇನ್ನೊಂದು ದಾರಿ ಜಮೀನು ಟ್ರಸ್ಟ್. ಮನೆ ನಿಮ್ಮದು, ನೆಲ ಟ್ರಸ್ಟಿಂದು. ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ, ಮಕ್ಕಳಿಗೆ ಬಿಟ್ಟು ಹೋಗಬಹುದು. ಮಾರುವಾಗ ಬೆಲೆ ಎಷ್ಟು ಅಂತ ಮೊದಲೇ ಸೂತ್ರ ಇರುತ್ತೆ. ವರ್ಮಾಂಟಿನ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ, ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದಾಗ, ನಗರಸಭೆ 2 ಲಕ್ಷ ಡಾಲರ್ ಕೊಟ್ಟು ಇಂಥದ್ದೊಂದು ಶುರು ಮಾಡ್ತು. ಈಗ ಅದರ ಹೆಸರು ಶ್ಯಾಂಪ್ಲೇನ್ ಹೌಸಿಂಗ್ ಟ್ರಸ್ಟ್. ಅಲ್ಲಿ ಮಾರೋರಿಗೆ ತಾವು ಕಟ್ಟಿದ ದುಡ್ಡು ವಾಪಸ್, ಜೊತೆಗೆ ಏರಿದ ಬೆಲೆಯಲ್ಲಿ ಕಾಲು ಭಾಗ. ಉಳಿದ ಮುಕ್ಕಾಲು ಮನೆಯಲ್ಲೇ ಉಳಿಯುತ್ತೆ, ಮುಂದಿನವರಿಗೆ ಅಗ್ಗವಾಗಿ ಸಿಗುತ್ತೆ. 2008ರಲ್ಲಿ ಸಾಲ ಕಟ್ಟೋಕಾಗದೆ ದೇಶದ ತುಂಬ ಜನ ಮನೆ ಕಳ್ಕೊಂಡ್ರಲ್ಲ, ಟ್ರಸ್ಟ್ ಮನೆಗಳಲ್ಲಿ ಅದು ತುಂಬಾ ಕಮ್ಮಿ. ಕಂತು ತಪ್ಪಿದ್ರೆ ಬ್ಯಾಂಕ್ ಮನೆಗೆ ಕೈ ಹಾಕೋ ಮುಂಚೆ ಟ್ರಸ್ಟಿಗೆ ತಿಳಿಸಬೇಕು ಅಂತ ಕರಾರಲ್ಲೇ ಬರೆಸಿರ್ತಾರೆ.

ನಮ್ಮಲ್ಲಿ ರಿಜಿಸ್ಟ್ರೇಷನ್ ದಿನ ವಕೀಲರು ಆ ಸೂತ್ರವನ್ನ ಗಟ್ಟಿಯಾಗಿ ಓದಿ ಹೇಳ್ತಾರೆ. ಒಂದು ಸಲ ಸ್ಕೂಲ್ ಬಸ್ ಓಡಿಸೋ ಹೆಂಗಸೊಬ್ಬರು ಪೆನ್ ಕೆಳಗಿಟ್ಟು, "ನಾನು ಹೊಸ ಅಡುಗೆಮನೆ ಹಾಕಿಸಿದ್ರೆ ಆ ದುಡ್ಡು ಯಾರಿಗೆ?" ಅಂದ್ರು. ಒಳ್ಳೇ ಪ್ರಶ್ನೆ. ಒಪ್ಪಿಗೆ ಪಡೆದು ಮಾಡಿದ ಸುಧಾರಣೆ ಬೆಲೆಗೆ ಸೇರುತ್ತೆ, ಬರೀ ಬಣ್ಣ ಹೊಡೆಸಿದ್ದು ಸೇರಲ್ಲ. ಅವರು ಆ ಪ್ಯಾರಾ ಇನ್ನೊಂದ್ಸಲ ಓದಿಸಿಕೊಂಡೇ ಸಹಿ ಹಾಕಿದ್ದು. ನಾವೆಲ್ಲ ನಮ್ಮ ಮನೆ ಪತ್ರಕ್ಕೆ ಸಹಿ ಹಾಕುವಾಗ ಯಾವ ಪ್ಯಾರಾ ಓದಿದ್ವಿ ಹೇಳಿ?

ಇನ್ನು ಗಿಡ, ದೀಪ, ಗೋಡೆ ಚಿತ್ರ. ಇದು ಫೋಟೋಗೆ ಮಾಡೋ ಶೋಕಿ ಇರಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಬೋಸ್ಟನ್‌ನಲ್ಲೇ ಡಡ್ಲಿ ಸ್ಟ್ರೀಟ್ ನೋಡಿ. ಎಂಬತ್ತರ ದಶಕದಲ್ಲಿ ಅಲ್ಲಿ ಸುಮಾರು 1,300 ಖಾಲಿ ಸೈಟು. ಮನೆಗಳು ಸುಟ್ಟುಹೋಗಿದ್ವು, ಎಷ್ಟೋ ಮನೆಗೆ ಬೇಕಂತಲೇ ಬೆಂಕಿ ಇಟ್ಟಿದ್ದು. ಹೊರಗಿನವರು ಲಾರಿಯಲ್ಲಿ ತಂದು ಕಸ, ಹಳೇ ಫ್ರಿಜ್ಜು ಸುರಿದು ಹೋಗ್ತಿದ್ರು. 1984ರಲ್ಲಿ ಅಲ್ಲಿನ ಜನ ಸಂಘ ಕಟ್ಟಿದಾಗ ಮೊದಲು ಹಿಡಿದದ್ದು ಮನೆ ವಿಷಯ ಅಲ್ಲ, ಕಸ. "ನಮ್ಮ ಮೇಲೆ ಸುರೀಬೇಡಿ" ಅಂತ ಚಳವಳಿ ಮಾಡಿದ್ರು. ನಗರಸಭೆ ಬಗ್ಗಿದ್ದು ನೋಡಿ ಧೈರ್ಯ ಬಂತು. 1988ರ ಹೊತ್ತಿಗೆ ಖಾಲಿ ಬಿದ್ದ ಖಾಸಗಿ ಸೈಟುಗಳನ್ನ ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನ ಮಾಡ್ಕೊಳ್ಳೋ ಅಧಿಕಾರವನ್ನೇ ಪಡೆದ್ರು. ಬೀದಿ ಜನರ ಸಂಘಕ್ಕೆ ಅಂಥ ಅಧಿಕಾರ ಸಿಕ್ಕಿದ್ದು ಅಮೆರಿಕದಲ್ಲೇ ಮೊದಲು. ಆ ನೆಲ ಈಗ ಅವರದ್ದೇ ಜಮೀನು ಟ್ರಸ್ಟಲ್ಲಿದೆ, ಮೇಲೆ ಇನ್ನೂರಕ್ಕೂ ಹೆಚ್ಚು ಮನೆ ಎದ್ದಿವೆ. ಅವರ ಆಡಳಿತ ಮಂಡಳಿಯಲ್ಲಿ ಕಪ್ಪು ಜನ, ಲ್ಯಾಟಿನೋ, ಕೇಪ್ ವರ್ಡಿಯನ್, ಬಿಳಿಯರು ಅಂತ ಒಬ್ಬೊಬ್ಬರಿಗೂ ಸೀಟು ಮೀಸಲು.

ಹಾಗಾಗಿ ಬೀದಿದೀಪ ಯಾರು ಕೇಳಿದ್ದು ಅಂತ ವಿಚಾರಿಸಿ. ಬೀದಿಯವರು ಕೇಳಿದ್ರೆ ಸರಿ. ಪ್ರಾಯೋಜಕರಿಗೆ ಒಂದು ಶನಿವಾರ ಟೀಶರ್ಟ್ ಹಾಕ್ಕೊಂಡು ಬಣ್ಣ ಬಳಿಯೋಕೆ ಜಾಗ ಬೇಕಿತ್ತು ಅಂತಾದ್ರೆ, ಅದು ಬೇರೆ ವಿಷಯ.

ಒಂಟಿಕೊಪ್ಪಲ್:

ತುಂಗಾತೀರ ಅವರು ಹೇಳಿದ ಜಮೀನು ಟ್ರಸ್ಟಿಗೆ ನಮ್ಮ ಕಡೆಯ ನಂಟು ಇದೆ, ಅವರು ಹೇಳಲಿಲ್ಲ ಅಂತ ಬರೀತಿದ್ದೇನೆ. ವಿನೋಬಾ ಭಾವೆಯವರ ಭೂದಾನ ಶುರುವಾಗಿದ್ದು 1951ರ ಏಪ್ರಿಲ್ 18, ತೆಲಂಗಾಣದ ಪೋಚಂಪಲ್ಲಿಯಲ್ಲಿ. ಮುಂದೆ ಅದು ಗ್ರಾಮದಾನವಾಯಿತು, ಅಂದರೆ ಊರಿನ ನೆಲವೆಲ್ಲ ಊರಿಗೇ. ಈ ಗ್ರಾಮದಾನವನ್ನು ಚರ್ಚಿಸಲು 1957ರ ಸೆಪ್ಟೆಂಬರಿನಲ್ಲಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ಕೂಡಿದ್ದು ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ. ಈಗ ಹುಣಸೂರು ರಸ್ತೆಯಲ್ಲಿ ಹೋದರೆ ಆ ಇಲವಾಲದಲ್ಲಿ ಸೈಟಿನ ಬೋರ್ಡುಗಳೇ ಕಾಣುವುದು, ಇರಲಿ.

ಅಮೆರಿಕದಲ್ಲಿ ಜಮೀನು ಟ್ರಸ್ಟಿನ ಚಿಂತನೆಗೆ ರೂಪ ಕೊಟ್ಟ ರಾಲ್ಫ್ ಬೋರ್ಸೋಡಿ, ರಾಬರ್ಟ್ ಸ್ವಾನ್ ಇಬ್ಬರಿಗೂ ಗ್ರಾಮದಾನ ಒಂದು ಪ್ರೇರಣೆ. ಅಲ್ಲಿನ ಮೊದಲ ಟ್ರಸ್ಟ್ ನ್ಯೂ ಕಮ್ಯುನಿಟೀಸ್, 1969, ಜಾರ್ಜಿಯಾ. ಕಪ್ಪು ರೈತರು ಸೇರಿ ಸುಮಾರು 5,700 ಎಕರೆ ಕೊಂಡರು. ಬರಗಾಲದಲ್ಲಿ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ 1985ರಲ್ಲಿ ಅಷ್ಟೂ ನೆಲ ಕೈಬಿಟ್ಟಿತು. ಸಾಲ ಕೊಡುವುದರಲ್ಲಿ ತಾರತಮ್ಯ ಮಾಡಿದ್ದಕ್ಕೆ 2009ರಲ್ಲಿ 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಟ್ರಸ್ಟ್ ಎಂದ ಮಾತ್ರಕ್ಕೆ ನೆಲ ಭದ್ರ ಎಂದುಕೊಳ್ಳಬೇಡಿ ಎನ್ನುವುದಕ್ಕೆ ಹೇಳಿದೆ.

ಗಿರ್ಮಿಟ್_ಧಾರವಾಡ:

ತುಂಗಾತೀರ ಅಕ್ಕಾರು ಹೇಳಿದ್ದು ಕೇಳಾಕ ಛಲೋ ಐತಿ. ಆದ್ರ ನಾ ಒಪ್ಪಂಗಿಲ್ರಿ. ನಾ ಸಿವಿಲ್ ಇಂಜಿನಿಯರ್, ಕೊಳಚೆ ಪ್ರದೇಶದಾಗ ಮನಿ ಕಟ್ಟೂ ಕೆಲಸ ಮಾಡೇನಿ. ಪತ್ರಾಸಿನ ಶೆಡ್ಡಿನ್ಯಾಗ ಅರ್ಧ ಆಯುಷ್ಯ ಕಳದ ಹೆಣ್ಮಗಳಿಗೆ "ಮನಿ ನಿಂದು, ಜಾಗಾ ಟ್ರಸ್ಟಿಂದು" ಅಂತ ಹೇಳ್ರಿ ನೋಡೂಣು. ಕಸಬರಗಿ ತಗೊಂಡು ಬರ್ತಾಳ. ಆಕಿಗೆ ಬೇಕಾಗಿದ್ದು ತನ್ನ ಹೆಸರ್ಲೆ ಹಕ್ಕುಪತ್ರ. 1973ರ ಕೊಳಚೆ ಪ್ರದೇಶ ಕಾಯ್ದೆ ಪ್ರಕಾರ ಮೊದಲ ಆ ಜಾಗಾ ಘೋಷಣೆ ಆಗಬೇಕು, ಹಕ್ಕುಪತ್ರ ಆಮ್ಯಾಲಿನ ಮಾತು. ಈ ಕಾಗದಾ ಹಿಡಕೊಂಡು ಓಡಾಡೂದ್ರಾಗ ಹುಡುಗ್ರು ದೊಡ್ಡವರಾಗಿ ಲಗ್ನ ಆಗಿರ್ತಾವು.

ಮತ್ತ ಬೋಂಡಾ ಅವರ, ನಿಮ್ಮ ಅಪ್ಪಾರ ಬೀದಿ ಬಗ್ಗೆ ಒಂದು ಮಾತು. ಎಣಿಕಿ ನೋಡಬ್ಯಾಡ್ರಿ. ಇಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನಾದಾಗ ತಮ್ಮ ಮನಿ ತಾವ ಕಟಗೊಳ್ಳೋರಿಗೆ ರೊಕ್ಕ ಕಂತಿನ ಮ್ಯಾಲ ಬರತೈತಿ. ಪಾಯಾ ಆತು, ಫೋಟೋ. ಲಿಂಟಲ್ ಆತು, ಫೋಟೋ. ಛತ್ತ ಆತು, ಫೋಟೋ. ಫೋಟೋ ಹ್ವಾದ ಮ್ಯಾಲ ರೊಕ್ಕ ಬರೂತನಕ ಗೌಂಡಿ ಕಾಯಂಗಿಲ್ಲ, ಬ್ಯಾರೆ ಕೆಲಸಕ್ಕ ಹೊಕ್ಕಾನ. ಹಳೇ ಶೆಡ್ಡು ಕೆಡವ್ಯಾರ, ಬಾಡಿಗಿ ಮನ್ಯಾಗ ಅದಾರ, ಇಲ್ಲಿ ಗ್ವಾಡಿ ಲಿಂಟಲ್ ಮಟಾ ಬಂದು ನಿಂತೈತಿ. ಸರಳಿಗೆ ತುಕ್ಕು. ಕಡೀಕ ಬಡ್ಡಿ ಸಾಲ. ಸಣ್ಣ ಸಂಸ್ಥಾದವ್ರು ಆ ಎರಡು ಕಂತಿನ ನಡುವ ಕೈಗಡ ಕೊಟ್ರ ಅದಕ್ಕಿಂತ ದೊಡ್ಡ ಕೆಲಸ ಯಾವದೂ ಇಲ್ಲ. ಆದ್ರ ಅದು ಯಾವ ವರದಿ ಫೋಟೋದಾಗೂ ಬರಂಗಿಲ್ಲ.

ತುಂಗಾತೀರ:

ಗಿರ್ಮಿಟ್ ಅವರೇ, ಕಸಬರಗಿ ಇಲ್ಲೂ ಬರುತ್ತೆ. ತಲೆಮಾರುಗಟ್ಟಲೆ ನೆಲ ಕೊಳ್ಳೋಕೇ ಬಿಡದೆ ಇಟ್ಟ ಕಪ್ಪು ಕುಟುಂಬಗಳು ಇದನ್ನೇ ಕೇಳ್ತವೆ: "ಬಿಳಿಯರಿಗೆ ಪೂರ್ತಿ ಲಾಭ, ನಮಗೆ ಮಾತ್ರ ಕಾಲು ಭಾಗವಾ?" ಅದಕ್ಕೆ ನನ್ನತ್ರ ಚಂದದ ಉತ್ತರ ಇಲ್ಲ. ಟ್ರಸ್ಟಿನ ಮಂಡಳಿಯಲ್ಲಿ ಆ ಮನೆಗಳಲ್ಲಿ ಇರೋರೇ ಕೂತಿದ್ರೆ ಆ ಪ್ರಶ್ನೆಗೆ ಸ್ವಲ್ಪ ಮರ್ಯಾದೆ ಸಿಗುತ್ತೆ. ಹೊರಗಿನ ದೊಡ್ಡ ಮನುಷ್ಯರೇ ತುಂಬಿದ್ರೆ ಜಮೀನ್ದಾರಿಕೆ ಇನ್ನೊಂದು ಹೆಸರಲ್ಲಿ ಬಂದ ಹಾಗೆ. ಆದ್ರೂ ಬೋಸ್ಟನ್ ಸುತ್ತಮುತ್ತಲಿನ ಬೆಲೆಗೆ, ಸೂತ್ರ ಇಲ್ಲದ ಮನೆಗೆ ನಾನು ದಾನದ ದುಡ್ಡು ಹಾಕಲ್ಲ. ಧಾರವಾಡದಲ್ಲಿ ಇದ್ದಿದ್ರೆ ಬಹುಶಃ ನಿಮ್ಮ ಕೈಗಡಕ್ಕೇ ಹಾಕ್ತಿದ್ದೆ.

ಬೋಸ್ಟನ್‌ಬೋಂಡಾ:

ಎಲ್ಲರಿಗೂ ಥ್ಯಾಂಕ್ಸ್. ಸಂಸ್ಥೆಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. ಹೊಸ ಮನೆ ಒಂಬತ್ತಕ್ಕೂ 99 ವರ್ಷದ ಗುತ್ತಿಗೆ, ಮಾರೋದಕ್ಕೆ ಸೂತ್ರ ಇದೆಯಂತೆ. ಪತ್ರದ ನಮೂನೆ ಇಮೇಲ್ ಮಾಡಿದ್ರು. ಮಂಡಳಿಯಲ್ಲಿ ಮೂರನೇ ಒಂದು ಭಾಗ ಆ ಮನೆಗಳವರೇ. ಗೋಡೆ ಚಿತ್ರ ಯಾರು ಕೇಳಿದ್ದು ಅಂದಾಗ ಮಾತ್ರ ಆ ಕಡೆಯವರು ನಕ್ಕು, ಒಂದು ಬ್ಯಾಂಕಿನ ಹೆಸರು ಹೇಳಿದ್ರು. ದೀಪ ಬೀದಿಯವರದೇ ಬೇಡಿಕೆ.

ದುಡ್ಡಿಗಿಂತ ಅರ್ಜೆಂಟಾಗಿ ಬೇಕಿರೋದು ಬೇರೆ ಅಂದ್ರು. ಮುಂದಿನ ತಿಂಗಳು ಹೊಸ ಜಾಗದ ಹಿಯರಿಂಗ್ ಇದೆಯಂತೆ, ಊರಿನ ನಿವಾಸಿಗಳು ಬಂದು ಪರವಾಗಿ ಎರಡು ಮಾತಾಡಿದ್ರೆ ಉಪಕಾರ ಅಂದ್ರು. ನಮ್ಮ ಗುಂಪಲ್ಲಿ ಮೂರು ಮನೆಯವರು ಹೋಗೋಣ ಅಂತಿದ್ದಾರೆ. ಯಾರಾದ್ರೂ ಹೀಗೆ ಮಾತಾಡಿದೀರಾ? ಏನು ಹೇಳಬೇಕು?

ತುಂಗಾತೀರ:

ಬಾಗಿಲಲ್ಲಿ ಹಾಳೆ ಇಟ್ಟಿರ್ತಾರೆ, ಬೇಗ ಹೋಗಿ ಹೆಸರು ಬರೆಸಿ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಅಷ್ಟೇ. ಯಾವ ಬೀದಿಯಲ್ಲಿದೀರಿ, ಎಷ್ಟು ವರ್ಷದಿಂದ ಇದೀರಿ ಅಂತ ಮೊದಲೇ ಹೇಳಿ, ಸದಸ್ಯರು ಅದನ್ನೇ ಬರ್ಕೊಳ್ಳೋದು. ದಯೆ, ಧರ್ಮ ಅಂತ ಎತ್ತಬೇಡಿ. ನಿಮ್ಮ ಮಕ್ಕಳ ಟೀಚರೋ, ಆಸ್ಪತ್ರೆ ನರ್ಸೋ ಬಾಡಿಗೆ ಕಟ್ಟೋಕಾಗದೆ ಊರು ಬಿಟ್ಟಿದ್ದು ಗೊತ್ತಿದ್ರೆ ಅದನ್ನ ಹೇಳಿ. ಮತ್ತೆ ಆ ಬೀದಿಯಲ್ಲಿ ಸಂಜೆ ಎಂಟರ ಮೇಲೆ ಎಷ್ಟು ಕಾರು ನಿಂತಿರುತ್ತೆ ಅಂತ ಒಂದೆರಡು ದಿನ ಮುಂಚೆ ಎಣಿಸಿಕೊಂಡು ಹೋಗಿ.