ಚಾರ್ಜರ್‌ನಲ್ಲಿ ಪ್ರಾರ್ಥನೆ, ಜಿಪಿಎಸ್‌ನಲ್ಲಿ ಪವಿತ್ರಾತ್ಮ: ದಿನನಿತ್ಯದ ವಸ್ತುಗಳಿಂದ ವಿಶ್ವಾಸದ ಪಾಠ ತೆಗೆಯುವುದು ಹೇಗೆ?

ಕೇಳಿದವರು

ಮನೆಪ್ರಾರ್ಥನೆಯ ಗುಂಪಿನಲ್ಲಿ ವಾರಕ್ಕೊಮ್ಮೆ ಐದು ನಿಮಿಷದ ಧ್ಯಾನ ಹೇಳಬೇಕು. ದಿನವೂ ಕಣ್ಣಿಗೆ ಬೀಳುವ ವಸ್ತು, ಮಾಡುವ ಕೆಲಸ, ಇವುಗಳಿಂದಲೇ ಪಾಠ ಬರಬೇಕು ಅನ್ನುವುದು ಷರತ್ತು. ಹೊಳೆಯುವುದೆಲ್ಲ ಒಂದೇ ಜಾತಿ. ಮೊಬೈಲ್ ಚಾರ್ಜರ್ ಅಂದರೆ ಪ್ರಾರ್ಥನೆ, ಜಿಪಿಎಸ್ ಅಂದರೆ ಪವಿತ್ರಾತ್ಮ, ಕನ್ನಡಿ ಅಂದರೆ ಸತ್ಯವೇದ. ಕೇಳುವವರು ತಲೆಯಾಡಿಸುತ್ತಾರೆ, ಆದರೆ ಎಳೆದು ತಂದು ಅಂಟಿಸಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗುಂಪಿನಲ್ಲಿ ಮಕ್ಕಳೂ ಇದ್ದಾರೆ. ಅನುಭವ ಇದ್ದವರು ತಿಳಿಸಿ.

ಪ್ರಸಂಗ ತಯಾರಿ ಕಲಿಸುವವರು

ಮೊದಲು ಪಾಠ ಹುಡುಕುವುದನ್ನು ನಿಲ್ಲಿಸಿ. ವಸ್ತುವನ್ನು ನೋಡಿ.

ಜ್ಞಾನೋಕ್ತಿ 24:30-34 ಓದಿ. ಸೋಮಾರಿಯ ಹೊಲದ ಪಕ್ಕ ಒಬ್ಬ ಹಾದುಹೋಗುತ್ತಾನೆ. ಮುಳ್ಳು ಬೆಳೆದಿದೆ, ಕಳೆ ಮುಚ್ಚಿದೆ, ಕಲ್ಲಿನ ಗೋಡೆ ಕುಸಿದಿದೆ. ಅವನು ಕಾಣುತ್ತಾನೆ, ಮನಸ್ಸಿಟ್ಟು ಯೋಚಿಸುತ್ತಾನೆ, ಬುದ್ಧಿ ಕಲಿಯುವುದು ಆಮೇಲೆ. ನಾವು ಕೊನೆಯದನ್ನು ಮೊದಲು ಮಾಡುತ್ತೇವೆ. ‘ಪ್ರಾರ್ಥನೆ ಮುಖ್ಯ’ ಎಂಬ ತೀರ್ಮಾನ ಕೈಯಲ್ಲಿ ಹಿಡಿದುಕೊಂಡು, ಅದನ್ನು ತೂಗುಹಾಕಲು ಒಂದು ಗೂಟ ಹುಡುಕುತ್ತೇವೆ. ಎಳೆದು ತಂದ ಹಾಗೆ ಕೇಳಿಸುವುದು ಅದಕ್ಕೇ. ಮತ್ತಾಯ 6:28ರಲ್ಲಿ ಹೊಲದ ಹೂಗಳ ಬಗ್ಗೆ ಯೇಸು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ಬರಿಯ ‘ನೋಡಿ’ ಎಂಬ ಅರ್ಥವಲ್ಲ, ‘ಚೆನ್ನಾಗಿ ಅಭ್ಯಾಸ ಮಾಡಿ’ ಎಂದು. ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಅದೊಂದೇ ಕಡೆ.

ಹೀಗೆ ಮಾಡಿ. ಒಂದು ವಸ್ತು ಆರಿಸಿ ಅದು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಕೆಡುತ್ತದೆ ಎಂದು ಏಳೆಂಟು ಸಾಲು ಬರೆಯಿರಿ. ಈ ಸಾಲುಗಳಲ್ಲಿ ದೇವರು, ಪಾಪ, ಕೃಪೆ ಎಂಬ ಒಂದು ಪದವೂ ಬರಬಾರದು. ಕೆಡುವ ಬಗೆಗೆ ಕನಿಷ್ಠ ಮೂರು ಸಾಲು ಮೀಸಲಿಡಿ, ಪಾಠ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ಹಾಳೆ ಮಡಚಿಟ್ಟು ಮರುದಿನ ತೆರೆಯಿರಿ. ಬೇರೆ ಯಾವ ವಸ್ತುವಿಗೂ ಒಪ್ಪದ, ಇದಕ್ಕೆ ಮಾತ್ರ ಒಪ್ಪುವ ಸಾಲು ಯಾವುದೋ ಅದನ್ನು ಉಳಿಸಿಕೊಳ್ಳಿ. ಆಮೇಲೆ ವಾಕ್ಯ ಹುಡುಕಿ.

ಉದಾಹರಣೆಗೆ ತಕ್ಕಡಿ. ‘ದೇವರು ನಮ್ಮನ್ನು ತೂಗುತ್ತಾನೆ’ ಎಂಬುದು ಎಲ್ಲರೂ ಹೇಳುವ ಮಾತು. ಹಾಳೆಯಲ್ಲಿ ಬರೆಯುತ್ತ ಹೋದರೆ ಬೇರೆಯದೇ ಸಿಗುತ್ತದೆ. ತಕ್ಕಡಿಯ ಸೊನ್ನೆ 10 ಗ್ರಾಂ ತಪ್ಪಿದೆ ಅನ್ನಿ. 10 ಕಿಲೋ ತೂಗಿದರೆ ಆ ತಪ್ಪು ಸಾವಿರದಲ್ಲಿ ಒಂದು ಪಾಲು, ಯಾರ ಗಮನಕ್ಕೂ ಬಾರದು. 50 ಗ್ರಾಂ ತೂಗಿದರೆ ಅದೇ ತಪ್ಪು ಐದರಲ್ಲಿ ಒಂದು ಪಾಲು. ದೋಷ ಒಂದೇ, ದೊಡ್ಡದರಲ್ಲಿ ಅಡಗುತ್ತದೆ, ಚಿಕ್ಕದರಲ್ಲಿ ಬಯಲಾಗುತ್ತದೆ. ಈಗ ಲೂಕ 16:10 ತೆರೆಯಿರಿ, ಅತ್ಯಲ್ಪದರಲ್ಲಿ ನಂಬಿಗಸ್ತನಾಗಿರುವ ಮಾತು. ಇನ್ನೊಂದು ಸಾಲೂ ಇದೆ: ಸಾಮಾನು ಹೇರಿದ್ದಾಗ ತಕ್ಕಡಿಯ ಸೊನ್ನೆ ಕಾಣುವುದಿಲ್ಲ, ಎಲ್ಲ ಇಳಿಸಿ ಖಾಲಿ ಮಾಡಿದಾಗಲೇ ಕಾಣುವುದು. ಅದಕ್ಕೆ ಕೀರ್ತನೆ 139:23-24, ‘ದೇವರೇ, ನನ್ನನ್ನು ಪರೀಕ್ಷಿಸು’ ಎಂಬ ಮೊರೆ. ಆದರೆ ಅದು ಮುಂದಿನ ವಾರಕ್ಕಿರಲಿ. ಐದು ನಿಮಿಷಕ್ಕೆ ಒಂದು ಹೋಲಿಕೆ, ಹೋಲಿಕೆಯಲ್ಲಿ ಒಂದೇ ಬಿಂದು.

ಸತ್ಯವೇದ ಅಧ್ಯಯನ ನಡೆಸುವವರು

ಮೇಲಿನದಕ್ಕೆ ಒಂದು ಸೇರ್ಪಡೆ. ವಾಕ್ಯ ಸಿಕ್ಕಿದ ಕೂಡಲೇ ನಿಲ್ಲಬೇಡಿ, ಕಡಿಮೆಯೆಂದರೆ ಆ ಅಧ್ಯಾಯ ಪೂರ್ತಿ ಓದಿ. ‘ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ’ ಎನ್ನುವ ಫಿಲಿಪ್ಪಿ 4:13 ಪರೀಕ್ಷೆ ಪಾಸಾಗುವ ವಾಕ್ಯವಲ್ಲ. 11-12ನೇ ವಚನಗಳಲ್ಲಿ ಪೌಲನು ಹಸಿವು, ಕೊರತೆ, ಸಮೃದ್ಧಿ ಎಲ್ಲದರಲ್ಲೂ ತೃಪ್ತನಾಗಿರುವುದರ ಬಗ್ಗೆ ಸೆರೆಯಿಂದ ಬರೆಯುತ್ತಿದ್ದಾನೆ. ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಯೆರೆಮೀಯ 29:11 ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರದಲ್ಲಿದೆ, ಅದರ ಹಿಂದಿನ ವಚನ 70 ವರ್ಷ ಕಾಯಬೇಕೆನ್ನುತ್ತದೆ. ಆ ಎಪ್ಪತ್ತನ್ನು ಬಿಟ್ಟು ಹನ್ನೊಂದನ್ನು ಮಾತ್ರ ಹೇಳಿದರೆ ಅರ್ಧ ಸತ್ಯ.

ನಿಮ್ಮ ಕನ್ನಡಿಯ ಹೋಲಿಕೆ ಯಾಕೋಬ 1:23-25ರಲ್ಲೇ ಇದೆ. ಆದರೆ ಅಲ್ಲಿ ಒತ್ತು ಇರುವುದು ಕನ್ನಡಿಯ ಮೇಲಲ್ಲ, ಮುಖ ನೋಡಿಕೊಂಡು ಹೋಗಿ ಮರೆತುಬಿಡುವ ಮನುಷ್ಯನ ಮೇಲೆ.

ಇನ್ನು, ಒಂದು ವಸ್ತುವಿಗೆ ಸತ್ಯವೇದದಲ್ಲಿ ಒಂದೇ ಅರ್ಥ ಅಂದುಕೊಳ್ಳಬೇಡಿ. ಹುಳಿಹಿಟ್ಟು ಮತ್ತಾಯ 13:33ರಲ್ಲಿ ಪರಲೋಕರಾಜ್ಯಕ್ಕೆ ಹೋಲಿಕೆ, 16:6ರಲ್ಲಿ ಫರಿಸಾಯರ ಬೋಧನೆಗೆ, 1 ಕೊರಿಂಥ 5:6-8ರಲ್ಲಿ ಕೆಟ್ಟತನಕ್ಕೆ. ಮೂರರಲ್ಲೂ ಸಮಾನವಾದದ್ದು ಅದರ ಗುಣವಷ್ಟೆ: ಸ್ವಲ್ಪ ಸಾಕು, ಕಾಣದಂತೆ ಇಡೀ ಮುದ್ದೆಗೆ ಹರಡುತ್ತದೆ. ಮತ್ತಾಯ 13:33ರ ಸಾಮ್ಯದಲ್ಲಿ ಒಬ್ಬ ಹೆಂಗಸು ಹುಳಿಹಿಟ್ಟನ್ನು ಬೆರೆಸಿದ್ದು ಮೂರು ಸಾತೋನ್ ಹಿಟ್ಟಿನಲ್ಲಿ, ಅಂದರೆ ಸುಮಾರು 36ರಿಂದ 40 ಲೀಟರ್. ಒಂದು ಮನೆಯ ಊಟಕ್ಕಲ್ಲ, ದೊಡ್ಡ ಔತಣಕ್ಕಾಗುವಷ್ಟು. ಅಳತೆ ಗೊತ್ತಾದರೆ ಸಾಮ್ಯದ ರುಚಿಯೇ ಬೇರೆ.

ತಾಂತ್ರಿಕ ಕೆಲಸದವರು

ಚಾರ್ಜರ್ ವಿಷಯ. ಈ ಹೋಲಿಕೆ ಸಪ್ಪೆ ಎನ್ನುವುದು ಹಾಗಿರಲಿ, ಅದು ತಪ್ಪನ್ನೇ ಕಲಿಸುತ್ತದೆ. ಬ್ಯಾಟರಿ ಮಾಡುವುದೇನು? ತುಂಬಿಸಿಕೊಂಡು, ತಂತಿ ಕಿತ್ತು, ಸ್ವಂತ ಬಲದಲ್ಲಿ ಓಡುವುದು. ಸದಾ ಸಿಕ್ಕಿಸಿಯೇ ಇಟ್ಟು ನೂರಕ್ಕೆ ನೂರು ತುಂಬಿಸಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಯೋಹಾನ 15:4-5 ಹೇಳುವುದು ಇದಕ್ಕೆ ನೇರ ವಿರುದ್ಧ. ಬಳ್ಳಿಯಿಂದ ಬೇರೆಯಾದ ಕೊಂಬೆಗೆ ಸಂಗ್ರಹದ ಬಲದಲ್ಲಿ ಹಣ್ಣು ಬಿಡುವ ದಾರಿ ಇಲ್ಲ. ವಿದ್ಯುತ್ತಿನ ಉದಾಹರಣೆಯೇ ಬೇಕೆಂದರೆ ಬ್ಯಾಟರಿ ಇಲ್ಲದ ಬಲ್ಬು ಹಿಡಿಯಿರಿ: ಸಂಪರ್ಕ ಕಡಿದ ಗಳಿಗೆಯಲ್ಲೇ ಕತ್ತಲು.

ತುಂಬಿಟ್ಟುಕೊಳ್ಳುವ ವಿಷಯವೇ ಹೇಳಬೇಕಿದ್ದರೆ ವಿಮೋಚನಕಾಂಡ 16 ಇದೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ ಮನ್ನ, ದಿನಕ್ಕೆ ತಲೆಗೆ ಒಂದು ಓಮೆರ್, ಹೆಚ್ಚುಕಡಿಮೆ ಎರಡು ಲೀಟರ್. ಬೆಳಗಿನ ತನಕ ಇಟ್ಟುಕೊಂಡದ್ದು ಹುಳ ಬಿತ್ತು. ಆರನೆಯ ದಿನ ಮಾತ್ರ ಎರಡು ಓಮೆರ್, ಅದು ಕೆಡಲಿಲ್ಲ. ಚಾರ್ಜರ್ ಹೇಳಲಾರದ್ದನ್ನು ಈ ಅಧ್ಯಾಯ ಹೇಳುತ್ತದೆ.

ಜಿಪಿಎಸ್‌ಗೂ ಅದೇ ಪರೀಕ್ಷೆ. ಅದು ಸಾಧನ, ನೀವು ಹೇಳಿದ ಊರಿಗೆ ದಾರಿ ತೋರಿಸುತ್ತದೆ. ಗುರಿ ಯಾರು ನಿರ್ಧರಿಸಿದ್ದು? ನೀವು. ಪವಿತ್ರಾತ್ಮನನ್ನು ಅಲ್ಲಿ ಕೂರಿಸಿದರೆ ಆತ ನಮ್ಮ ಯೋಜನೆಗೆ ಸಹಾಯಕ ಆಗಿಬಿಡುತ್ತಾನೆ. ಪ್ರತಿ ಹೋಲಿಕೆಗೂ ‘ಇದು ಎಲ್ಲಿ ಮುರಿಯುತ್ತದೆ?’ ಎಂದು ಕೇಳಿ. ಅಂಚಿನಲ್ಲಿ ಮುರಿದರೆ ಪರವಾಗಿಲ್ಲ, ಯಾವ ಹೋಲಿಕೆಯೂ ಪೂರ್ತಿ ಕೂರುವುದಿಲ್ಲ. ಹೇಳಹೊರಟ ಬಿಂದುವಿನಲ್ಲೇ ಮುರಿದರೆ ಬಿಸಾಡಿ.

ಮಣ್ಣಿನ ಕೆಲಸ ಬಲ್ಲವರು

ಸತ್ಯವೇದದಲ್ಲೇ ಇರುವ ದಿನನಿತ್ಯದ ವಸ್ತುಗಳನ್ನು ಕಸುಬಿನ ಕಣ್ಣಿಂದ ನೋಡಿದರೆ ಬೇರೆ ಉದಾಹರಣೆಗೆ ಪರದಾಡಬೇಕಿಲ್ಲ. ಕುಂಬಾರನ ಚಕ್ರ ತಗೊಳ್ಳಿ. ಯೆರೆಮೀಯ 18:1-6 ಎಲ್ಲರಿಗೂ ಗೊತ್ತು, ಕೈಯಲ್ಲಿ ಕೆಟ್ಟ ಮಣ್ಣನ್ನು ಕುಂಬಾರ ಮತ್ತೊಂದು ಪಾತ್ರೆ ಮಾಡುತ್ತಾನೆ. ಧ್ಯಾನಗಳು ಅಲ್ಲಿಗೇ ಮುಗಿಯುತ್ತವೆ. 19ನೇ ಅಧ್ಯಾಯವನ್ನು ಜೊತೆಗೆ ಓದುವವರು ಕಡಿಮೆ. ಅಲ್ಲಿ ಪ್ರವಾದಿ ಸುಟ್ಟ ಮಡಕೆ ಕೊಂಡು ಹಿರಿಯರ ಮುಂದೆ ಒಡೆಯುತ್ತಾನೆ, ಅದನ್ನು ಸರಿಮಾಡಲಾಗದು ಎನ್ನುತ್ತದೆ 11ನೇ ವಚನ.

ಎರಡರ ನಡುವಿನ ವ್ಯತ್ಯಾಸ ಬೆಂಕಿ. ಹಸಿ ಮಣ್ಣನ್ನು ಎಷ್ಟು ಸಲ ಬೇಕಾದರೂ ಮುದ್ದೆ ಮಾಡಬಹುದು. ಪೂರ್ತಿ ಒಣಗಿ ಗಟ್ಟಿಯಾದದ್ದೂ, ಸುಡದಿದ್ದರೆ, ನೀರಿನಲ್ಲಿ ಹಾಕಿದಾಗ ಕರಗಿ ಮತ್ತೆ ಮಣ್ಣಾಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಸೇರಿದ್ದ ನೀರೂ ಹೊರಟುಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ನೆನೆಸಿಟ್ಟರೂ ಅದು ಮೆತ್ತಗಾಗದು. ಹಾಗಾಗಿ ‘ಒಣಗಿದೆ’ ಮತ್ತು ‘ಸುಟ್ಟಿದೆ’ ಎರಡೂ ಮುಟ್ಟಿದರೆ ಒಂದೇ ಥರ ಗಟ್ಟಿ, ನೀರಿಗೆ ಹಾಕಿದಾಗ ಮಾತ್ರ ಬೇರೆ. ಈ ಒಂದು ವಿಷಯಕ್ಕೇ ಐದು ನಿಮಿಷ ಸಾಲದು.

ಒಂದು ಎಚ್ಚರಿಕೆ. ಒಡೆದ ಬೋಕಿಯನ್ನು ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸುವುದುಂಟು, ಬಿರುಕು ಕಡಿಮೆಯಾಗುತ್ತದೆ. ಕೇಳಲು ಬಹಳ ಚೆಂದ. ಆದರೆ ಯೆರೆಮೀಯ 19ರ ಕಠೋರ ಮಾತನ್ನು ಮೆತ್ತಗೆ ಮಾಡಲು ಅದನ್ನು ಬಳಸಿದರೆ ಪ್ರವಾದಿ ಹೇಳದ್ದನ್ನು ಅವನ ಬಾಯಲ್ಲಿ ಇಟ್ಟಂತೆ.

ಇನ್ನೊಬ್ಬರು

ಫಾರ್ವರ್ಡ್ ಆಗಿ ಬರುವ ‘ಸುಂದರ ಉದಾಹರಣೆ’ಗಳನ್ನು ಪರಿಶೀಲಿಸದೆ ಹೇಳಬೇಡಿ. ಹದ್ದು 40ನೇ ವರ್ಷಕ್ಕೆ ಬೆಟ್ಟದ ಮೇಲೆ ಹೋಗಿ ಕೊಕ್ಕು ಕಿತ್ತುಕೊಂಡು ಮರುಜನ್ಮ ಪಡೆಯುತ್ತದೆ ಎಂಬುದು ಸುಳ್ಳು, ಕೊಕ್ಕಿಲ್ಲದ ಹದ್ದು ಉಪವಾಸ ಸಾಯುತ್ತದೆ. ಹದ್ದುಗಳ ಗರಿ ಸ್ವಲ್ಪಸ್ವಲ್ಪವಾಗಿ ಉದುರಿ ಹೊಸದು ಬರುತ್ತದೆ, ಯೆಶಾಯ 40:31ಕ್ಕೆ ಆ ನಿಜವೇ ಸಾಕು. ಓಡಿಹೋಗುವ ಕುರಿಮರಿಯ ಕಾಲನ್ನು ಕುರುಬ ಮುರಿಯುತ್ತಾನೆ ಎಂಬುದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಬೆಳ್ಳಿ ಶುದ್ಧಮಾಡುವವನಿಗೆ ತನ್ನ ಮುಖ ಕಂಡಾಗ ಕೆಲಸ ಮುಗಿಯಿತೆಂಬ ಕಥೆಯೂ ಮಲಾಕಿಯ 3:3ರಲ್ಲಿಲ್ಲ, ಅಲ್ಲಿರುವುದು ಆತ ಕೂತು ಶೋಧಿಸುತ್ತಾನೆ ಎಂದಷ್ಟೆ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತನ್ನು ವಿವರಿಸಲು ಹೇಳುವ ಕಥೆ, ಅಂದರೆ ಯೆರೂಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಗಿಡ್ಡ ಬಾಗಿಲಿತ್ತು, ಒಂಟೆ ಮೊಣಕಾಲೂರಿ ನುಗ್ಗುತ್ತಿತ್ತು ಎಂಬುದಕ್ಕೆ ಯೇಸುವಿನ ಕಾಲದ ಪುರಾವೆ ಇಲ್ಲ. ಮೇಲಾಗಿ ಮತ್ತಾಯ 19:25-26ರಲ್ಲಿ ಶಿಷ್ಯರು ಬೆರಗಾಗುತ್ತಾರೆ, ಯೇಸು ಇದು ಮನುಷ್ಯರಿಗೆ ಅಸಾಧ್ಯವೆನ್ನುತ್ತಾನೆ. ಮೊಣಕಾಲೂರಿದರೆ ಸಾಕಿದ್ದರೆ ಅಸಾಧ್ಯ ಯಾಕೆ?

ಸುಳ್ಳು ಉದಾಹರಣೆಯ ಮೇಲೆ ನಿಜವಾದ ಪಾಠ ನಿಲ್ಲಿಸಿದರೆ, ಉದಾಹರಣೆ ಬಿದ್ದ ದಿನ ಪಾಠವೂ ಬೀಳುತ್ತದೆ. ಮುಖ್ಯವಾಗಿ ಹದಿಹರೆಯದವರ ಮುಂದೆ. ಅವರು ಅಲ್ಲೇ ಫೋನ್ ತೆಗೆದು ಹುಡುಕುತ್ತಾರೆ.

ಸಂಡೇ ಸ್ಕೂಲ್ ಶಿಕ್ಷಕಿ

ಮಕ್ಕಳ ಬಗ್ಗೆ. ಏಳೆಂಟು ವರ್ಷದೊಳಗಿನವರು ರೂಪಕವನ್ನು ಅಕ್ಷರಶಃ ತಗೊಳ್ಳುತ್ತಾರೆ. ‘ಹೃದಯದ ಬಾಗಿಲು’ ಅಂದರೆ ಎದೆಯಲ್ಲಿ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಾರೆ. ಅವರಿಗೆ ಹೋಲಿಕೆ ಬದಲು ಕ್ರಿಯೆ ಕೊಡಿ. ಲೂಕ 15:8-10ಕ್ಕೆ ಹತ್ತು ನಾಣ್ಯ ಎಣಿಸಿ, ಒಂದನ್ನು ಮುಂಚೆಯೇ ಅಡಗಿಸಿಟ್ಟು, ದೀಪ ಮಂಕು ಮಾಡಿ ಹುಡುಕಿಸಿ. ಸಿಕ್ಕಿದಾಗ ಅವರು ಕೂಗುತ್ತಾರಲ್ಲ, ಆ ಕೂಗೇ ಪಾಠ, 9ನೇ ವಚನವನ್ನು ಆಗ ಓದಿ. ವಿವರಣೆ ಬೇಡ. ದೊಡ್ಡ ಮಕ್ಕಳಿಗಾದರೆ ಆ ಅಧ್ಯಾಯದ ಲೆಕ್ಕ ಕೇಳಿ: ನೂರರಲ್ಲಿ ಒಂದು ಕುರಿ, ಹತ್ತರಲ್ಲಿ ಒಂದು ನಾಣ್ಯ, ಇಬ್ಬರಲ್ಲಿ ಒಬ್ಬ ಮಗ.

ವಸ್ತು ಒಂದೇ ಇರಲಿ, ಎಲ್ಲರ ಕೈಗೂ ಹೋಗಲಿ. ಬಣ್ಣದ ನೀರಿಗೆ ಬ್ಲೀಚ್ ಸುರಿದು ‘ಪಾಪ ತೊಳೆದುಹೋಯಿತು’ ಎಂದು ತೋರಿಸುವ ಪ್ರಯೋಗ ಬೇಡವೇ ಬೇಡ. ಮಕ್ಕಳಿಗೆ ನೆನಪಿರುವುದು ಜಾದೂ ಮಾತ್ರ, ಮನೆಗೆ ಹೋಗಿ ತಾವೇ ಮಾಡಲು ಹೋದರೆ ಕಣ್ಣಿಗೆ, ಗಂಟಲಿಗೆ ಅಪಾಯ. ತ್ರಿಯೇಕತ್ವಕ್ಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದಕ್ಕೆ, ನೀರು, ಮಂಜುಗಡ್ಡೆ, ಆವಿ ಎಂಬ ಉದಾಹರಣೆಯನ್ನೂ ಬಿಡಿ. ಒಂದೇ ನೀರು ಒಮ್ಮೆ ಇದಾಗಿ ಒಮ್ಮೆ ಅದಾಗುತ್ತದೆ ಎಂದರೆ, ಒಬ್ಬನೇ ಮೂರು ವೇಷ ಹಾಕಿದಂತೆ ಆಯಿತು. ಸಭೆ ಮೂರನೇ ಶತಮಾನದಲ್ಲೇ ತಳ್ಳಿಹಾಕಿದ ಬೋಧನೆ ಅದು, ಅದನ್ನು ಬೋಧಿಸಿದ ಸಬೆಲ್ಲಿಯನ ಹೆಸರಿನಲ್ಲಿ ಪ್ರಸಿದ್ಧ.

ಕೇಳಿದವರು

ತುಂಬ ಉಪಯೋಗವಾಯಿತು, ಚಾರ್ಜರ್ ಕೈಬಿಟ್ಟೆ. ಇನ್ನೊಂದು ಅನುಮಾನ. ವಸ್ತುಗಳ ಬದಲು ಘಟನೆಗಳಿಂದ ಪಾಠ ತೆಗೆಯಬಹುದೇ? ಅಪಘಾತ, ಕಾಯಿಲೆ, ಯಾರಿಗೋ ಆದ ನಷ್ಟ?

ಸಾಂತ್ವನ ಸೇವೆಯಲ್ಲಿರುವವರು

ಬೇರೆಯವರ ಕಷ್ಟ ನಿಮ್ಮ ಧ್ಯಾನದ ಸಾಮಗ್ರಿ ಅಲ್ಲ. ಲೂಕ 13:1-5 ನೋಡಿ. ಸಿಲೋವದ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೆಂದು ಭಾವಿಸುತ್ತೀರೋ ಎಂದು ಯೇಸುವೇ ಕೇಳಿ, ಇಲ್ಲ ಎನ್ನುತ್ತಾನೆ, ಆಮೇಲೆ ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸುತ್ತಾನೆ. ಯೋಹಾನ 9:1-3ರಲ್ಲಿ ಹುಟ್ಟುಕುರುಡನ ಬಗ್ಗೆ ಶಿಷ್ಯರು ಕಾರಣ ಹುಡುಕಿದಾಗಲೂ ಹಾಗೆಯೇ. ಯೋಬನ ಮೂವರು ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದು ಸರಿಯಾಗಿತ್ತು, ಬಾಯಿ ತೆರೆದು ಪಾಠ ಹೇಳಿದ್ದಕ್ಕೆ 42:7ರಲ್ಲಿ ಬೈಸಿಕೊಂಡರು.

ಗುಂಪಿನಲ್ಲಿ ಯಾರಾದರೂ ಆ ಘಟನೆಗೆ ಸಂಬಂಧಪಟ್ಟವರಿದ್ದರೆ ಹೆಸರು ಬಿಟ್ಟರೂ ಗುರುತು ಸಿಗುತ್ತದೆ. ಅದೇ ತಿಂಗಳಲ್ಲಿ ಮನೆಯಲ್ಲಿ ಸಾವಾಗಿದ್ದರೆ ‘ಕತ್ತರಿಸಿದ ಬಳ್ಳಿ’ಯಂಥ ಹೋಲಿಕೆಯನ್ನೂ ಮುಂದೂಡಿ. ಸಮರಿಕೆಯ ಬಗ್ಗೆ ನೀವು ಎಷ್ಟೇ ಸರಿಯಾಗಿ ಹೇಳಿದರೂ ಅವರ ಕಿವಿಗೆ ಬೀಳುವುದು ಕತ್ತರಿಯ ಸದ್ದು ಮಾತ್ರ.

ನಿಮ್ಮ ದಿನದ ಘಟನೆಗಳನ್ನು ನೋಡಲು ಹಳೆಯ ಕ್ರಮ ಒಂದಿದೆ, ಲೊಯೊಲಾದ ಸಂತ ಇಗ್ನೇಷಿಯಸ್ (1491-1556) ಕಲಿಸಿದ ಆತ್ಮಶೋಧನೆ. ಐದು ಹಂತ, ಈ ಕ್ರಮದಲ್ಲೇ: ಪಡೆದದ್ದಕ್ಕೆ ಕೃತಜ್ಞತೆ, ನೋಡಲು ಬೆಳಕು ಬೇಡುವುದು, ಎದ್ದಾಗಿನಿಂದ ಗಂಟೆಗಂಟೆಯ ಲೆಕ್ಕ, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿರ್ಧಾರ. ಕೃತಜ್ಞತೆಯನ್ನು ಹಾರಿಸಿ ನೇರ ಲೆಕ್ಕಕ್ಕೆ ಇಳಿದರೆ ಅದು ಆತ್ಮಶೋಧನೆ ಆಗದೆ ಆತ್ಮನಿಂದನೆ ಆಗುತ್ತದೆ, ಒಂದೇ ವಾರದಲ್ಲಿ ಜನ ಬಿಟ್ಟುಬಿಡುತ್ತಾರೆ. ಹತ್ತು ಹದಿನೈದು ನಿಮಿಷ ಸಾಕು. ಲೆಕ್ಕದ ಹಂತದಲ್ಲಿ ಗಮನಕ್ಕೆ ಬಂದ ಒಂದು ವಸ್ತು ಅಥವಾ ಒಂದು ಕೆಲಸವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ, ಪಾಠ ಬರೆಯಬೇಡಿ. ವಾರಕ್ಕೆ ಏಳು ಸಾಲಾಗುತ್ತವೆ, ಅವುಗಳಲ್ಲಿ ಒಂದನ್ನು ಮೇಲೆ ಹೇಳಿದ ಹಾಳೆಗೆ ಎತ್ತಿಕೊಳ್ಳಿ. ರಾತ್ರಿ ಕೂತರೆ ನಿದ್ದೆ ಹತ್ತುವವರು ಮಧ್ಯಾಹ್ನದ ಊಟವಾದ ಮೇಲೆ ಮಾಡಬಹುದು, ಆ ಹೊತ್ತನ್ನೂ ಇಗ್ನೇಷಿಯಸ್ ಸೂಚಿಸಿದ್ದರು.